ಮುರಕಲ್ಲಿಗೆ ಹೆಸರಿಟ್ಟ ಡಾಕ್ಟರು

ಥರ್ಡ್ ಸೆಮ್‌ನಲ್ಲಿ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್ ಇದ್ದಾಗ ಒಂದು ದಿನ ಮುರಕಲ್ಲನ್ನು ಮೆಷಿನಿಗೆ ಕೊಟ್ಟು ಒಡೆದೆವು. ರೀಡಿಂಗ್ ಬರೆದುಕೊಂಡೆವು, ರೆಕಾರ್ಡಿನಲ್ಲಿ ಲ್ಯಾಟರೈಟ್ ಅಂತ ಹೆಡ್ಡಿಂಗ್ ಹಾಕಿದೆವು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮಕ್ಕಳಿಗೆ ಆ ಕಲ್ಲಿನ ಪರಿಚಯ ಮಾಡಿಸಬೇಕಾಗಿಲ್ಲ. ಮನೆ ಗೋಡೆ ಅದೇ, ಬಾವಿಕಟ್ಟೆ ಅದೇ, ಮಳೆಗಾಲದಲ್ಲಿ ಪಾಚಿ ಹಿಡಿದು ಜಾರಿ ಬೀಳುವ ಮೆಟ್ಟಿಲೂ ಅದೇ. ಆದರೆ ಲ್ಯಾಟರೈಟ್ ಎನ್ನುವ ಹೆಸರು ಯಾರು ಇಟ್ಟದ್ದು ಅಂತ ಸರ್ ಕೇಳಿದಾಗ ಇಡೀ ಬ್ಯಾಚ್ ಗಪ್‌ಚುಪ್. ನಾನೂ ಸೇರಿ.

ಹುಡುಕಿದಾಗ ಸಿಕ್ಕಿದ್ದು ಒಬ್ಬ ಸ್ಕಾಟ್ಲೆಂಡಿನ ಡಾಕ್ಟರು, ಫ್ರಾನ್ಸಿಸ್ ಬುಕನನ್. ಇತಿಹಾಸದ ಪುಸ್ತಕ ಓದುವವರಿಗೆ ಬಹಳ ಗೊತ್ತಿರುವ ಹೆಸರು. ಹಳೆ ಮೈಸೂರು, ಕೆನರಾ, ಮಲಬಾರ್ ಬಗ್ಗೆ ಯಾರೇ ಬರೆಯಲಿ, ನಾಲ್ಕು ಪುಟಕ್ಕೊಮ್ಮೆ ಬುಕನನ್ ಹೀಗೆ ಹೇಳಿದ್ದಾನೆ ಅಂತ ಬಂದೇ ಬರುತ್ತದೆ. ನಮಗೆ, ಅಂದರೆ ಇಂಜಿನಿಯರಿಂಗ್‌ನವರಿಗೆ, ಗೊತ್ತಿರಲಿಲ್ಲ ಅಷ್ಟೆ. ಆಶ್ಚರ್ಯ ಆದದ್ದು ಬೇರೆ ಒಂದು ವಿಷಯಕ್ಕೆ. ಈ ಕಲ್ಲನ್ನು ಕಂಡು ಕೆಲವೇ ವಾರ ಕಳೆಯುವಷ್ಟರಲ್ಲಿ ಈ ಮನುಷ್ಯ ಫರಂಗಿಪೇಟೆ, ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ಅಂತ ನಾವು ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವ ದಾರಿಯಲ್ಲೇ ಹಾದು ಹೋಗಿದ್ದಾನೆ. ಕೈಯಲ್ಲಿ ದಿನಚರಿ ಪುಸ್ತಕ ಹಿಡಿದುಕೊಂಡು. ಸುಮ್ಮನೆ ಊರು ನೋಡಲಿಕ್ಕೆ ಬಂದವನಲ್ಲ, ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಎಂತೆಂತ ಉಂಟು ಅಂತ ಲೆಕ್ಕ ತೆಗೆಯಲಿಕ್ಕೆ ಈಸ್ಟ್ ಇಂಡಿಯಾ ಕಂಪನಿ ಕಳಿಸಿದವನು.

ಬುಕನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನ ಪರ್ತ್‌ಶೈರ್‌ನಲ್ಲಿ. ಅಪ್ಪನೂ ವೈದ್ಯರು. ಮನೆತನಕ್ಕೆ ಜಮೀನು ಇತ್ತು. ಎಡಿನ್‌ಬರೋದಲ್ಲಿ ಓದಿ 1783ರಲ್ಲಿ ಎಂಡಿ ಆದ. ಪ್ರಬಂಧ ಬರೆದದ್ದು ಬಿಟ್ಟು ಬಿಟ್ಟು ಬರುವ ಜ್ವರದ ಮೇಲೆ, ಅಂದರೆ ಈಗ ನಾವು ಮಲೇರಿಯಾ ಅನ್ನುವುದರ ಮೇಲೆ. ಮುಂದೆ ಜೀವನವಿಡೀ ಅದೇ ಜ್ವರದ ಸೀಮೆಗಳಲ್ಲೇ ತಿರುಗಬೇಕಾಯಿತು. ಮೆಡಿಸಿನ್ ಓದಿದರೂ ಅವನ ಮನಸ್ಸು ಇದ್ದದ್ದು ಗಿಡಗಳ ಮೇಲೆ. ಜಾನ್ ಹೋಪ್ ಎಂಬ ಸಸ್ಯಶಾಸ್ತ್ರದ ಮೇಷ್ಟ್ರ ಶಿಷ್ಯ. ನಮ್ಮಲ್ಲೂ ಇದ್ದಾರಲ್ಲ, ಬ್ರಾಂಚ್ ಒಂದು, ಆಸೆ ಇನ್ನೊಂದು. ಡಿಗ್ರಿ ಹೊಟ್ಟೆಪಾಡಿಗೆ ಬಂತು, ಆಸೆ ಹೆಸರು ತಂದಿತು.

ಮೊದಲು ಏಷ್ಯಾಕ್ಕೆ ಬರುವ ಹಡಗುಗಳಲ್ಲಿ ಸರ್ಜನ್ ಆಗಿ ಕೆಲಸ ಮಾಡಿದ. 1794ರಲ್ಲಿ ಕಂಪನಿಯ ಬಂಗಾಳದ ವೈದ್ಯ ಸೇವೆಗೆ ಸೇರಿದ. ಮರುವರ್ಷ ಬರ್ಮಾದ ಆವಾ ರಾಜನ ಆಸ್ಥಾನಕ್ಕೆ ಸೈಮ್ಸ್ ಎಂಬ ಅಧಿಕಾರಿಯ ಜೊತೆ ನಿಯೋಗ ಹೋಯಿತು, ಬುಕನನ್ ಅದರ ಡಾಕ್ಟರು. ಅಲ್ಲಿಯೂ ಗಿಡ, ಭಾಷೆ, ಜನ, ಧರ್ಮ ಅಂತ ಕಂಡದ್ದೆಲ್ಲ ಬರೆದಿಟ್ಟ. 1798ರಲ್ಲಿ ಚಿತ್ತಗಾಂಗ್ ಕಡೆ ಸಾಂಬಾರ ಬೆಳೆ ಹಾಕಲು ಯೋಗ್ಯ ಜಾಗ ಉಂಟಾ ಅಂತ ನೋಡಿ ಬರಲು ಕಳಿಸಿದರು. ಇಷ್ಟು ಹೊತ್ತಿಗೆ ಕಂಪನಿಯವರಿಗೆ ಗೊತ್ತಾಗಿತ್ತು, ಈ ಡಾಕ್ಟರನ್ನು ಎಲ್ಲಿ ಬಿಟ್ಟರೂ ಒಂದು ರಿಪೋರ್ಟ್ ಗ್ಯಾರಂಟಿ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಕೆನರಾ ಜಿಲ್ಲೆ, ಅಂದರೆ ಇವತ್ತಿನ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಕಾಸರಗೋಡು ಕಡೆಯೆಲ್ಲ ಸೇರಿದ ಕರಾವಳಿ ಕಂಪನಿಗೆ ಬಂತು. ಗೆದ್ದದ್ದೇನೋ ಹೌದು, ಆದರೆ ಗೆದ್ದದ್ದು ಎಂತ ಎಂಬುದು ಗೆದ್ದವರಿಗೇ ಗೊತ್ತಿಲ್ಲ! ಅದಕ್ಕೆ ಒಂದೇ ಸಲ ಹಲವು ಜನ ಅಳೆಯಲು ಹೊರಟರು. ಕಾಲಿನ್ ಮೆಕೆಂಜಿ ಮೈಸೂರಿನ ನಕ್ಷೆಗೆ ನಿಂತ. ವಿಲಿಯಂ ಲ್ಯಾಂಬ್ಟನ್ ಅರ್ಧ ಟನ್ ತೂಗುವ ಥಿಯೋಡೊಲೈಟ್ ತರಿಸಿ 1802ರಲ್ಲಿ ಮದರಾಸಿನಲ್ಲಿ ಬೇಸ್‌ಲೈನ್ ಹಾಕಿದ. (ಸರ್ವೆ ಕ್ಯಾಂಪಿನಲ್ಲಿ ಟ್ರೈಪಾಡ್ ಹೊರುವುದಕ್ಕೇ ಅಳುವವರು ಇದನ್ನು ನೆನಪಿಟ್ಟುಕೊಳ್ಳಿ.) ಥಾಮಸ್ ಮನ್ರೋ ಕೆನರಾದ ಕಲೆಕ್ಟರ್ ಆಗಿ ಬಂದು ಯಾವ ಜಮೀನಿಗೆ ಯಾರು ಎಷ್ಟು ತೀರ್ವೆ ಕೊಡಬೇಕು ಎಂಬ ಬಂದೋಬಸ್ತು ಶುರು ಮಾಡಿದ. ಗವರ್ನರ್ ಜನರಲ್ ವೆಲ್ಲೆಸ್ಲಿ ಬುಕನನ್‌ನನ್ನು ಕರೆಸಿ, ಮದರಾಸಿನಿಂದ ಹೊರಟು ಮೈಸೂರು, ಮಲಬಾರ್, ಕೆನರಾ ಸುತ್ತಿ ಬಾ, ಬೆಳೆ, ದನಕರು, ಕಾಡು, ಗಣಿ, ಕೈಕಸುಬು, ಹವೆ, ಜನ, ಎಲ್ಲವನ್ನೂ ವಿಚಾರಿಸು ಎಂದು ಒಂದು ದೊಡ್ಡ ಪಟ್ಟಿ ಕೊಟ್ಟ. ಪಟ್ಟಿಯಲ್ಲಿ ಮೊದಲ ಸ್ಥಾನ ಕೃಷಿಗೆ. ಯಾಕೆಂದರೆ ತೀರ್ವೆ ಬರುವುದು ಗದ್ದೆಯಿಂದ.

1800ರ ಏಪ್ರಿಲ್ 23ಕ್ಕೆ ಮದರಾಸು ಬಿಟ್ಟವನು ತಿರುಗಿ ಬಂದದ್ದು 1801ರ ಜುಲೈಯಲ್ಲಿ. ಒಂದು ವರ್ಷಕ್ಕೂ ಮಿಕ್ಕಿದ ತಿರುಗಾಟ.

ಮುರಕಲ್ಲಿನ ಕತೆ ಬರುವುದು 1800ರ ಕೊನೆಗೆ, ಮಲಬಾರಿನ ಅಂಗಡಿಪುರಂ ಎಂಬಲ್ಲಿ. ಅಲ್ಲಿಯ ಜನ ನೆಲದಿಂದ ಕಲ್ಲು ಕಡಿಯುವುದನ್ನು ಅವನು ನಿಂತು ನೋಡಿದ. ಒಳಗಿರುವಾಗ ಮೆತ್ತಗೆ, ಕಬ್ಬಿಣದ ಸಾಮಾನಿನಲ್ಲಿ ಸಲೀಸಾಗಿ ಚೌಕಾಕಾರಕ್ಕೆ ಕಡಿಯಬಹುದು. ಹೊರಗೆ ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ, ಇಟ್ಟಿಗೆಗಿಂತ ಚೆನ್ನಾಗಿ ಮಳೆ ತಡೆಯುತ್ತದೆ. ಅಲ್ಲಿಯ ಮಾತಿನಲ್ಲಿ ಅದಕ್ಕೆ ಇಟ್ಟಿಗೆಕಲ್ಲು ಎನ್ನುವ ಅರ್ಥದ ಹೆಸರೇ ಇತ್ತು. ಬುಕನನ್ ಅದನ್ನು ಲ್ಯಾಟಿನ್ನಿಗೆ ತಿರುಗಿಸಿದ. ಲ್ಯಾಟಿನ್‌ನಲ್ಲಿ ಲೇಟರ್ ಅಂದರೆ ಇಟ್ಟಿಗೆ, ಹಾಗಾಗಿ ಲ್ಯಾಟರೈಟ್. ಅಷ್ಟೇ ಸಂಗತಿ. ಇವತ್ತು ಆಫ್ರಿಕಾ, ಬ್ರೆಜಿಲ್, ಆಸ್ಟ್ರೇಲಿಯಾ ಎಲ್ಲಿಯ ಭೂವಿಜ್ಞಾನಿ ಬರೆದರೂ ಅದೇ ಹೆಸರು. ಅಂಗಡಿಪುರಂನಲ್ಲಿ ಇದಕ್ಕೊಂದು ಸ್ಮಾರಕವನ್ನೂ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ನಿಲ್ಲಿಸಿದ್ದಾರೆ. ಕಲ್ಲು ಕಡಿಯುತ್ತಿದ್ದವರು ಯಾರು ಎಂಬುದು ದಿನಚರಿಯಲ್ಲಿ ಇಲ್ಲ.

1801ರ ಜನವರಿಯಲ್ಲಿ ಅವನು ಮಲಬಾರ್ ದಾಟಿ ತುಳುನಾಡಿಗೆ ಕಾಲಿಟ್ಟ. ಹೊಸದುರ್ಗ, ಬೇಕಲ, ಚಂದ್ರಗಿರಿ, ಮಂಜೇಶ್ವರ, ಉಳ್ಳಾಲ ಅಂತ ಕಡಲ ಬದಿಯಲ್ಲೇ ಬಂದು ಮಂಗಳೂರು ಸೇರಿದ. ಅಷ್ಟರಲ್ಲಿ ಮನ್ರೋ ಬೇರೆ ಕಡೆಗೆ ಹೋಗಿಯಾಗಿತ್ತು. ಮಂಗಳೂರಿನಲ್ಲಿದ್ದ ಕಲೆಕ್ಟರ್ ರೇವನ್‌ಶಾ. ಅಲ್ಲಿ ಕೆಲವು ದಿನ ನಿಂತು ವಿಚಾರಣೆ ಮುಗಿಸಿ, ನೇತ್ರಾವತಿ ದಂಡೆ ಹಿಡಿದು ಮೂಡು ದಿಕ್ಕಿಗೆ ಹೊರಟ.

ಮೊದಲು ಸಿಕ್ಕಿದ್ದು ಫರಂಗಿಪೇಟೆ. ಈಗ ಮೀನು ಲಾರಿ, ಬಸ್ ಸ್ಟಾಪು, ಹೈವೇ ಗದ್ದಲ. ಅವನು ಕಂಡಾಗ ಅಲ್ಲಿ ಮುರಿದ ಮನೆಗಳ ಗುಡ್ಡೆ. ಆ ಊರಿನ ಕತೆ ಸ್ವಲ್ಪ ನಿಂತು ಹೇಳಬೇಕು. ಗೋವಾದಲ್ಲಿ ಪೋರ್ಚುಗೀಸರ ಕಾಲದಲ್ಲಿ ಕ್ರಿಶ್ಚಿಯನ್ನರಾದ ಕೊಂಕಣಿ ಜನ ಯುದ್ಧ, ಬರಗಾಲ, ಧರ್ಮವಿಚಾರಣೆಯ ಕಾಟ ಇವುಗಳಿಂದ ತಪ್ಪಿಸಿಕೊಂಡು ತಲೆಮಾರು ತಲೆಮಾರಾಗಿ ತೆಂಕಣಕ್ಕೆ ಬಂದರು. ಒಳ್ಳೆ ಬೇಸಾಯಗಾರರು ಎಂದು ಇಕ್ಕೇರಿ ಅರಸರು ಅವರಿಗೆ ಜಾಗ ಕೊಟ್ಟು ಕೂರಿಸಿಕೊಂಡರು. ಹೊಳೆಬದಿಯ ಈ ಪೇಟೆ ಅವರದ್ದಾಗಿ ಬೆಳೆಯಿತು. ಅಲ್ಲಿಯ ಮೊಂತೆ ಮರಿಯಾನೊ ಇಗರ್ಜಿ 1526ರಲ್ಲಿ ಶುರುವಾದದ್ದು ಎನ್ನುತ್ತಾರೆ. 1784ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನ ಈ ಕೊಂಕಣಿ ಕ್ರಿಶ್ಚಿಯನ್ನರನ್ನು ಬ್ರಿಟಿಷರಿಗೆ ಸಹಾಯ ಮಾಡಿದವರೆಂದು ಹಿಡಿಸಿ ಸಾವಿರಾರು ಮಂದಿಯನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಿಸಿದ. ಎಷ್ಟು ಸಾವಿರ ಎಂಬುದರ ಮೇಲೆ ಇವತ್ತಿಗೂ ವಾದ ಉಂಟು. ದಾರಿಯಲ್ಲೇ ಸತ್ತವರೂ ಬಹಳ. ಇಗರ್ಜಿಗಳನ್ನು ಕೆಡವಿಸಿದರು. ಮೊಂತೆ ಮರಿಯಾನೊ ಉಳಿದದ್ದು ಅಲ್ಲಿಯ ಪಾದ್ರಿ ಮಿರಾಂದಾ ಅವರ ಸ್ನೇಹದ ದಾಕ್ಷಿಣ್ಯದಿಂದ ಎಂದೂ, ಮೂಡುಬಿದಿರೆ ಬದಿಯ ಹೊಸಪೇಟೆ ಇಗರ್ಜಿ ಉಳಿದದ್ದು ಚೌಟ ಅರಸರ ಕೋರಿಕೆಯಿಂದ ಎಂದೂ ನಮ್ಮ ಕಡೆ ಹೇಳಿಕೆ. ಜೈನ ಅರಸರು ಕ್ರಿಶ್ಚಿಯನ್ ದೇವಾಲಯಕ್ಕಾಗಿ ಮುಸ್ಲಿಂ ಸುಲ್ತಾನನ ಬಳಿ ಬೇಡಿಕೊಂಡ ಕತೆ ಅದು. ಮೂಡುಬಿದಿರೆಯವರು ಅದನ್ನು ಹೇಳುವಾಗ ಸ್ವಲ್ಪ ಎದೆ ಉಬ್ಬಿಸಿಯೇ ಹೇಳುತ್ತಾರೆ, ಹೇಳಲಿ ಬಿಡಿ.

ಹದಿನೈದು ವರ್ಷ ಕಳೆದು ಶ್ರೀರಂಗಪಟ್ಟಣ ಬಿದ್ದಾಗ ಉಳಿದವರು ಹೊರಟು ಊರಿಗೆ ಬಂದರು. ಬುಕನನ್ ಕಂಡದ್ದು ಈ ವಾಪಸು ಬಂದವರ ಮೊದಮೊದಲ ದಿನಗಳನ್ನು. ಮನೆ ಬಿದ್ದಿದೆ, ತೋಟ ಕಾಡಾಗಿದೆ, ಗದ್ದೆಯನ್ನು ಬೇರೆಯವರು ಮಾಡುತ್ತಿದ್ದಾರೆ. ಹಾಗೆ ಮಾಡುತ್ತಿರುವವರು ಸಹ ಕಳ್ಳರೇನಲ್ಲ. ಸರಕಾರ ಕೊಟ್ಟಿತು, ಹದಿನೈದು ವರ್ಷ ಬೆವರು ಸುರಿಸಿದ್ದಾರೆ. ಈಗ ಹೊಸ ಸರಕಾರದ ಮುಂದೆ ಎರಡು ಪಂಗಡವೂ ಇದು ನಮ್ಮದು ಎಂದು ನಿಂತಿತು. ಅಂಥ ಹೊತ್ತಿನಲ್ಲಿ ಒಬ್ಬ ದೊರೆ ದುಭಾಷಿಯನ್ನು ಇಟ್ಟುಕೊಂಡು ಬಂದು ಇದು ಯಾರ ಗದ್ದೆ, ಎಷ್ಟು ಮುಡಿ ಬೆಳೆಯುತ್ತದೆ ಅಂತ ಕೇಳಿದರೆ ಆ ಪ್ರಶ್ನೆಗೆ ಎಷ್ಟು ಭಾರ ಇದ್ದೀತು, ಯೋಚಿಸಿ.

ಬಂಟ್ವಾಳವೂ ಪೆಟ್ಟು ತಿಂದ ಊರೇ. ಟಿಪ್ಪುವಿನ ಮೇಲಿನ ಯುದ್ಧದಲ್ಲಿ ಕೊಡಗಿನ ಅರಸನ ಕಡೆಯವರು ನುಗ್ಗಿ ಊರಿನ ಜನರನ್ನು ಹಿಡಿದುಕೊಂಡು ಹೋಗಿದ್ದರು. ಆದರೆ ಅದು ವ್ಯಾಪಾರದ ಊರು, ಬೇಗ ಚೇತರಿಸಿಕೊಳ್ಳುತ್ತಿತ್ತು. ಘಟ್ಟದ ಮೇಲಿಂದ ಎತ್ತಿನ ಮೇಲೆ ಬಂದ ಸರಕು ಇಲ್ಲಿ ದೋಣಿಗೆ ಹತ್ತಿ ಮಂಗಳೂರಿಗೆ ಇಳಿಯುತ್ತಿತ್ತು. ಉಪ್ಪು ಮೀನು ಇತ್ತಲಿಂದ ಮೇಲಕ್ಕೆ ಹೋಗುತ್ತಿತ್ತು. ನೇತ್ರಾವತಿ ಆಗ ಹೈವೇ ಇದ್ದ ಹಾಗೆ.

ಗದ್ದೆಯ ವಿಷಯದಲ್ಲಿ ಬುಕನನ್ ಬರೆದದ್ದನ್ನು ಓದಿದರೆ ಮನೆಯಲ್ಲಿ ಅಜ್ಜ ಮಾತಾಡಿದ ಹಾಗೇ ಆಗುತ್ತದೆ. ಬೈಲು, ಮಜಲು, ಬೆಟ್ಟು ಅಂತ ಮೂರು ಬಗೆಯ ಗದ್ದೆ. ತಗ್ಗಿನಲ್ಲಿ ನೀರು ನಿಲ್ಲುವ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಮೂರು ಬೆಳೆ. ಮಜಲಿನಲ್ಲಿ ಎರಡು. ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದೇ. ಈ ಹೆಸರುಗಳನ್ನು ಅವನು ತಿದ್ದದೆ ಹಾಗೆಯೇ ಬರೆದುಕೊಂಡ. ಜಾಗವನ್ನು ಎಕರೆಯಲ್ಲಿ ಹೇಳುವ ಕ್ರಮ ಇಲ್ಲ, ಎಷ್ಟು ಬೀಜ ಬಿತ್ತುವ ಗದ್ದೆ ಎಂದೇ ಲೆಕ್ಕ. ಅಳೆದು ನೋಡುವ ಬುದ್ಧಿಯವನಿಗೆ ಇದು ತಲೆನೋವು. ಒಂದೇ ಬೀಜದ ಲೆಕ್ಕ ಇದ್ದರೂ ಒಂದು ಗದ್ದೆ ದೊಡ್ಡದು, ಇನ್ನೊಂದು ಸಣ್ಣದು. ಇದಕ್ಕೂ ಮೇಲೆ ಇನ್ನೊಂದು ಕಷ್ಟ, ಕೇಳಿದರೆ ರೈತ ಸತ್ಯ ಹೇಳುವುದಿಲ್ಲ. ಬೆಳೆ ಕಡಿಮೆ, ಖರ್ಚು ಜಾಸ್ತಿ, ದನ ಸತ್ತಿತು, ಹುಳ ಬಂತು ಅಂತಲೇ ಉತ್ತರ. ಬುಕನನ್ ಈ ಬಗ್ಗೆ ಗೊಣಗುತ್ತಾನೆ. ನನಗೆ ಅದನ್ನು ಓದಿ ನಗು ಬಂತು. ನಮ್ಮ ಮನೆಗೆ ಅಡಿಕೆಯ ಲೆಕ್ಕ ಕೇಳಿಕೊಂಡು ಯಾರಾದರೂ ಫೈಲು ಹಿಡಿದು ಬಂದರೆ ಅಜ್ಜ ಮೊದಲು ಹೇಳುವುದು ಈ ವರ್ಷ ಕೊಳೆರೋಗ ಮಾರಾಯ್ರೆ, ಏನೂ ಇಲ್ಲ ಅಂತ. ಅಂಗಳದಲ್ಲಿ ಅಡಿಕೆ ಒಣಗುತ್ತಾ ಇರುತ್ತದೆ! ಇನ್ನೂರು ವರ್ಷದ ಹಿಂದಿನ ಆ ಸುಳ್ಳು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಅವತ್ತು ಹೇಳಿದ ಅಂಕಿ ನಾಳೆ ತೀರ್ವೆಯಾಗಿ ತಲೆಗೆ ಬೀಳುತ್ತದೆ ಎಂದು ಆ ರೈತನಿಗೆ ಚೆನ್ನಾಗಿ ಗೊತ್ತಿತ್ತು.

ಗದ್ದೆಯಲ್ಲಿ ಕೆಲಸ ಮಾಡುವವರನ್ನೂ ಅವನು ವಿಂಗಡಿಸಿದ. ಸಂಬಳಕ್ಕೆ ಬರುವ ಕೂಲಿಯಾಳು ಒಂದು, ಕೊಂಡುಕೊಂಡ ಮೂಲದಾಳು ಇನ್ನೊಂದು. ಮೂಲದಾಳು ಅಂದರೆ ನೇರವಾಗಿ ಹೇಳುವುದಾದರೆ ಗುಲಾಮ. ಅವರಿಗೆ ದಿನಕ್ಕೆ ಎಷ್ಟು ಅಕ್ಕಿ, ವರ್ಷಕ್ಕೆ ಎಷ್ಟು ಬಟ್ಟೆ ಎಂಬುದನ್ನು ಎತ್ತಿನ ಬೆಲೆ ಬರೆದ ಅದೇ ಕೈಯಲ್ಲಿ ಬರೆದ. ಕೋಪವೂ ಇಲ್ಲ, ಕನಿಕರವೂ ಇಲ್ಲ. ಓದುವಾಗ ಅಲ್ಲಿ ನನಗೆ ಪುಟ ತಿರುಗಿಸಲಿಕ್ಕೆ ಆಗಲಿಲ್ಲ. ಒಂದು ಕಡೆ ಅನ್ನಿಸುತ್ತದೆ, ಇವನು ಬರೆಯದಿದ್ದರೆ ಇದು ನಮಗೆ ಗೊತ್ತೇ ಆಗುತ್ತಿರಲಿಲ್ಲ, ನಮ್ಮ ಮನೆಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಇನ್ನೊಂದು ಕಡೆ, ಬರೆದದ್ದರಿಂದ ಆ ಜನಕ್ಕೆ ಆದದ್ದು ಎಂತ? ಗುಲಾಮಗಿರಿಗೆ ಕೋರ್ಟಿನ ಬೆಂಬಲ ಇಲ್ಲ ಎಂಬ ಕಾನೂನು ಬಂದದ್ದೇ 1843ರಲ್ಲಿ. ಕಂಪನಿಗೆ ಬೇಕಾದದ್ದು ತೀರ್ವೆ ಕಟ್ಟುವ ಒಬ್ಬ ಯಜಮಾನ. ಅವನ ಹೆಸರಿನಲ್ಲಿ ಲೆಕ್ಕದ ಪುಸ್ತಕದಲ್ಲಿ ಒಂದು ಹಾಳೆ, ಅದೇ ವರ್ಗ. ವರ್ಗದಾರ ಜಮೀನಿನ ಧಣಿ, ಅವನ ಕೆಳಗೆ ಮೂಲಗೇಣಿಯವ, ಅವನ ಕೆಳಗೆ ಚಾಲಗೇಣಿಯವ, ಎಲ್ಲರ ಕೆಳಗೆ ಮೂಲದಾಳು. ಹಾಳೆಯಲ್ಲಿ ಜಾಗ ಒಬ್ಬನಿಗೆ ಮಾತ್ರ.

ಈ ವರ್ಗ ಎಂಬ ಶಬ್ದ ನಮ್ಮ ಮನೆಗಳಲ್ಲಿ ಇನ್ನೂ ಸತ್ತಿಲ್ಲ. ವರ್ಗ ಜಾಗ, ಕುಮ್ಕಿ ಜಾಗ ಅಂತ ಪಾಲಿನ ಜಗಳ ಆಗುವಾಗ ದಿನಾ ಕೇಳುತ್ತೇವೆ. ನಮ್ಮ ತಾಯಿಯ ಕಡೆಯ ಅಜ್ಜ ವೇಣೂರು ಬದಿಯವರು, ಚಾಲಗೇಣಿಗೆ ಗದ್ದೆ ಮಾಡುತ್ತಿದ್ದವರು. 1974ರಲ್ಲಿ ಭೂಸುಧಾರಣೆ ಬಂದ ಮೇಲೆ ಡಿಕ್ಲರೇಷನ್ ಹಾಕಿ, ಟ್ರಿಬ್ಯುನಲ್ಲಿಗೆ ಓಡಾಡಿ, ಕೊನೆಗೆ ಜಾಗ ಸ್ವಂತದ್ದಾಯಿತು. ಆ ಕಾಗದ ತಗಡಿನ ಪೆಟ್ಟಿಗೆಯಲ್ಲಿ ಈಗಲೂ ಉಂಟು, ಚೌತಿ ದಿನ ಹೊರಗೆ ತೆಗೆದು ಗಾಳಿಗೆ ಹಿಡಿಯುತ್ತಾರೆ. ಧಣಿಗಳ ಮನೆಯವರೂ ನಾವೂ ಈಗ ಮದುವೆ ಮುಂಜಿಗೆ ಹೋಗಿ ಬರುತ್ತೇವೆ. ಆದರೂ ಅಜ್ಜ ಅವರ ಅಂಗಳದಲ್ಲಿ ಕುರ್ಚಿಯಲ್ಲಿ ಸರಿಯಾಗಿ ಒರಗಿ ಕೂತದ್ದನ್ನು ನಾನು ನೋಡಿಲ್ಲ, ತುದಿಯಲ್ಲೇ ಕೂರುವುದು. ಬುಕನನ್ ಆ ದಾರಿಯಲ್ಲಿ ಹೋದಾಗ ಅಜ್ಜನ ಹಿರಿಯರು ಅಲ್ಲೇ ಎಲ್ಲೋ ಸುಗ್ಗಿ ಗದ್ದೆಯಲ್ಲಿ ಇದ್ದಿರಲೇಬೇಕು. ಪುಸ್ತಕದಲ್ಲಿ ಅವರನ್ನು ಹುಡುಕಿದರೆ ಸಿಗುವುದು ಗೇಣಿಯ ಲೆಕ್ಕದಲ್ಲಿ ಮಾತ್ರ.

ದಾರಿಗೆ ಬರೋಣ. ಬೆಳ್ತಂಗಡಿಯಲ್ಲಿ ಅವನ ಕಣ್ಣಿಗೆ ಬಿದ್ದದ್ದು ನಮ್ಮ ಗಡಾಯಿಕಲ್ಲು, ಜಮಾಲಾಬಾದ್ ಕೋಟೆ. ಟಿಪ್ಪು ಕಟ್ಟಿಸಿದ್ದು, ಅವನ ತಾಯಿಯ ಹೆಸರು ಇಟ್ಟದ್ದು ಎಂದು ಹೇಳುತ್ತಾರೆ. ಅದರ ಬುಡದಲ್ಲಿ ಮೊದಲು ನರಸಿಂಹ ಅಂಗಡಿ ಎಂಬ ಪೇಟೆ ಇತ್ತು. ಬುಕನನ್ ಬರುವ ಹೊತ್ತಿಗೆ ಅಲ್ಲಿ ಗುಂಡಿನ ವಾಸನೆ ಇನ್ನೂ ಪೂರ್ತಿ ಆರಿರಲಿಲ್ಲ. 1799ರಲ್ಲಿ ಕಂಪನಿ ಕೋಟೆ ಹಿಡಿಯಿತು, ಕೆಲವು ಸಮಯದಲ್ಲೇ ದಂಗೆಯವರು ಅದನ್ನು ಕಸಿದುಕೊಂಡರು, ತಿಂಗಳುಗಟ್ಟಲೆ ಸುತ್ತುವರಿದು 1800ರಲ್ಲಿ ಕಂಪನಿ ಮತ್ತೆ ವಶಮಾಡಿಕೊಂಡಿತ್ತು. ಮೇಲೆ ಹತ್ತಲು ಒಂದೇ ಕಡಿದಾದ ದಾರಿ. ಟ್ರೆಕ್ಕಿಂಗ್ ಹೋದವರಿಗೆ ಗೊತ್ತು, ಖಾಲಿ ಕೈಯಲ್ಲಿ ಹತ್ತುವಾಗಲೇ ಜೀವ ಬಾಯಿಗೆ ಬರುತ್ತದೆ. ಮೇಲಿಂದ ಯಾರಾದರೂ ಕಲ್ಲು ಉರುಳಿಸಿದರೆ ಕತೆ ಮುಗಿಯಿತು.

ಅಲ್ಲಿಂದ ವೇಣೂರು. ಅವನು ಅದನ್ನು ಐನೂರು ಎಂದು ಬರೆದುಕೊಂಡ. ವಕಾರ ಎಲ್ಲಿ ಬಿದ್ದುಹೋಯಿತೋ, ದುಭಾಷಿಯ ನಾಲಗೆಯಲ್ಲೋ ಇವನ ಕಿವಿಯಲ್ಲೋ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಗೊಮ್ಮಟನನ್ನು ಬಯಲಲ್ಲಿ ನಿಂತಂತೆಯೇ ಕಂಡ. ಮೂಡುಬಿದಿರೆಗೆ ಬಂದು ಬಸದಿಗಳ ಸಾಲು ನೋಡಿದ. ಸಾವಿರ ಕಂಬದ ಬಸದಿಗೆ ಆಗಲೇ ಮುನ್ನೂರ ಎಪ್ಪತ್ತು ವರ್ಷ. ಕಾರ್ಕಳದ ಕಡೆಗೂ ಹೋದ. ಈ ಭಾಗದಲ್ಲಿ ಅವನು ಮಾಡಿದ ನಿಜವಾಗಿಯೂ ದೊಡ್ಡ ಕೆಲಸ ಎಂದರೆ ಜೈನರ ಬಳಿ ಕೂತು ಅವರ ದೇವರು, ಗುರು, ಆಚಾರ, ಹಳೆ ಅರಸರ ಬಗ್ಗೆ ವಿವರವಾಗಿ ಕೇಳಿ ಬರೆದದ್ದು. ಆಗ ಯುರೋಪಿನ ಪಂಡಿತರಿಗೆ ಜೈನರೆಂದರೆ ಬೌದ್ಧರೋ ಹಿಂದೂಗಳ ಒಂದು ಪಂಗಡವೋ ಎಂಬ ಗೊಂದಲ. 1809ರಲ್ಲಿ ಏಷ್ಯಾಟಿಕ್ ರಿಸರ್ಚಸ್ ಒಂಬತ್ತನೆಯ ಸಂಪುಟದಲ್ಲಿ ಅವನ ದಿನಚರಿಯಿಂದ ತೆಗೆದ ಜೈನರ ಟಿಪ್ಪಣಿ ಅಚ್ಚಾಯಿತು. ಮೆಕೆಂಜಿ, ಕೋಲ್‌ಬ್ರೂಕ್ ಅವರ ಬರಹಗಳ ಜೊತೆ ಅದೂ ಸೇರಿ ಆ ಗೊಂದಲ ಬಿಡಿಸಲು ಸಹಾಯವಾಯಿತು.

ಮೂಡುಬಿದಿರೆಯ ಚೌಟರು, ಬಂಗವಾಡಿಯ ಬಂಗರು, ವೇಣೂರಿನ ಅಜಿಲರು, ಇವರೆಲ್ಲ ಹೈದರನ ಕಾಲಕ್ಕೇ ಅಧಿಕಾರ ಕಳೆದುಕೊಂಡ ಅರಸರು. ಅರಮನೆ ಇತ್ತು, ಪಟ್ಟದ ಮರ್ಯಾದೆ ಇತ್ತು, ರಾಜ್ಯ ಇರಲಿಲ್ಲ. ಬುಕನನ್‌ಗೆ ಅರಸರ ಮೇಲೆ ಮೋಹ ಕಡಿಮೆ. ಪುರೋಹಿತರು ಹೇಳುವ ಪುರಾಣದ ಮೇಲೆ ನಂಬಿಕೆ ಅದಕ್ಕಿಂತ ಕಡಿಮೆ. ಕೆಲವು ಕಡೆ ಅವನ ತಿರಸ್ಕಾರ ಓದಿದರೆ ಸಿಟ್ಟೇ ಬರುತ್ತದೆ. ಅಳಿಯಸಂತಾನ ಕಟ್ಟು, ಭೂತಾರಾಧನೆ ಎಲ್ಲವೂ ದಿನಚರಿಯಲ್ಲಿ ಬರುತ್ತವೆ, ಆದರೆ ಹೊರಗೆ ನಿಂತವನು ಬಾಗಿಲ ಸಂದಿಯಿಂದ ಕಂಡಷ್ಟು. ನೇಮದ ರಾತ್ರಿಯಲ್ಲಿ ಕೂತು ನೋಡಿದ್ದರೆ ಬೇರೆ ರೀತಿ ಬರೆಯುತ್ತಿದ್ದನೋ ಎಂತದೋ.

ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ ಎಂದು ಬಡಗು ದಿಕ್ಕಿಗೆ ಹೋಗಿ, ಘಟ್ಟ ಹತ್ತಿ ಸೋಂದೆ, ಬನವಾಸಿ, ಇಕ್ಕೇರಿ, ಬಿದನೂರು ಸುತ್ತಿ ಅವನು ಮದರಾಸಿಗೆ ಮರಳಿದ. 1807ರಲ್ಲಿ ಲಂಡನ್ನಿನಲ್ಲಿ ಮೂರು ದಪ್ಪ ಸಂಪುಟಗಳಾಗಿ ಅದು ಹೊರಬಂತು. ದಿನಚರಿ ದಿನಚರಿಯಾಗಿಯೇ ಅಚ್ಚಾದ್ದರಿಂದ ಓದಲು ಒಣ ಒಣ. ಇವತ್ತು ಇಷ್ಟು ದೂರ ನಡೆದೆ, ಮಣ್ಣು ಹೀಗಿದೆ, ಅಕ್ಕಿ ಇಷ್ಟು, ನಾಳೆ ಮತ್ತೆ ಇಷ್ಟು ದೂರ. ಕತೆ ಬೇಕು ಎನ್ನುವವರಿಗೆ ಹೇಳಿದ್ದಲ್ಲ. ಆದರೆ ನಿಮ್ಮ ಊರಿನ ಹೆಸರು ವಿಚಿತ್ರ ಸ್ಪೆಲ್ಲಿಂಗಿನಲ್ಲಿ ಎದುರಾದಾಗ ಆಗುವ ಕುಶಿ ಬೇರೆಯೇ. ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತದೆ, ತುಳುನಾಡಿನ ಭಾಗ ಮೂರನೆಯ ಸಂಪುಟದಲ್ಲಿ.

ಮುಂದಿನ ಜೀವನವನ್ನು ಬೇಗ ಹೇಳಿ ಮುಗಿಸುತ್ತೇನೆ. 1802ರಲ್ಲಿ ನೇಪಾಳಕ್ಕೆ ಹೋಗಿ ಒಂದು ವರ್ಷ ಇದ್ದು ಗಿಡ ಸಂಗ್ರಹಿಸಿದ. ಆ ದೇಶದ ಬಗ್ಗೆ ಬರೆದ ಪುಸ್ತಕ 1819ರಲ್ಲಿ ಬಂತು. ವೆಲ್ಲೆಸ್ಲಿಯ ಸ್ವಂತ ಡಾಕ್ಟರಾದ, ಕಲ್ಕತ್ತೆ ಬದಿಯ ಬ್ಯಾರಕ್‌ಪುರದಲ್ಲಿ ಪ್ರಾಣಿಸಂಗ್ರಹವನ್ನು ನೋಡಿಕೊಂಡ. ಅಲ್ಲಿ ಹಾಲುದಾರ್ ಎಂಬ ಬಂಗಾಳಿ ಚಿತ್ರಗಾರ ಅವನಿಗಾಗಿ ಪ್ರಾಣಿಗಳನ್ನು ಬರೆದ. 1807ರಿಂದ 1814ರವರೆಗೆ ಬಂಗಾಳ, ಬಿಹಾರದ ದೊಡ್ಡ ಸರ್ವೆ. ದಿನಾಜ್‌ಪುರ, ರಂಗ್‌ಪುರ, ಪೂರ್ಣಿಯಾ, ಭಾಗಲ್ಪುರ, ಪಟ್ನಾ, ಶಾಹಾಬಾದ್, ಗೋರಖ್‌ಪುರ. ಕೆನರಾದಲ್ಲಿ ಓಡುತ್ತಾ ಮಾಡಿದ್ದನ್ನು ಅಲ್ಲಿ ಜಿಲ್ಲೆಗೆ ಒಂದು ವರ್ಷದಂತೆ ಕೂತು ಮಾಡಿದ.

ತಿರುಗಾಟದ ನಡುವೆ ಅವನು ಹೊಳೆ ಮೀನುಗಳನ್ನು ಹಿಡಿಸಿ, ಚಿತ್ರ ಬರೆಸಿ, ವಿವರ ಬರೆದಿಡುತ್ತಿದ್ದ. 1822ರಲ್ಲಿ ಗಂಗಾ ನದಿಯ ಮೀನುಗಳ ಪುಸ್ತಕ ಬಂತು. ರೋಹು, ಕಾಟ್ಲಾ, ಮೃಗಾಲ್, ಹಿಲ್ಸಾ, ಇವಕ್ಕೆಲ್ಲ ವೈಜ್ಞಾನಿಕ ಹೆಸರು ಇಟ್ಟವನು ಇವನೇ. ಇಲ್ಲಿಯೂ ಮುರಕಲ್ಲಿನ ಉಪಾಯವೇ. ಬೆಸ್ತರು ಕರೆಯುವ ಹೆಸರನ್ನೇ ತೆಗೆದುಕೊಂಡು ಲ್ಯಾಟಿನ್ ಅಂಗಿ ತೊಡಿಸಿದ: ರೋಹಿತ, ಕಾಟ್ಲಾ, ಮೃಗಾಲ, ಇಲಿಶ. ಜಗತ್ತಿನ ಬಯೋಟೆಕ್ ಲ್ಯಾಬುಗಳಲ್ಲೆಲ್ಲ ಈಗ ಪ್ರಯೋಗಕ್ಕೆ ಇಟ್ಟುಕೊಳ್ಳುವ ಪಟ್ಟೆಪಟ್ಟೆ ಜೀಬ್ರಾಫಿಶ್ ಇದೆಯಲ್ಲ, ಅದರ ಹೆಸರಿನ ಮುಂದೆಯೂ ಇವನ ಗುರುತೇ. ಆದರೆ ಅಲ್ಲ ಬುಕನನ್ ಎಂದು ಇರುವುದಿಲ್ಲ, ಹ್ಯಾಮಿಲ್ಟನ್ 1822 ಎಂದು ಇರುತ್ತದೆ. ತಾಯಿಯ ಕಡೆಯ ಆಸ್ತಿ ಬಂದಾಗ ಅದರ ಜೊತೆಗೆ ತಾಯಿಯ ಮನೆತನದ ಹೆಸರನ್ನೂ ಅವನು ತೆಗೆದುಕೊಂಡ. ತುಳುನಾಡಿನ ಅಳಿಯಸಂತಾನವನ್ನು ವಿಚಿತ್ರ ಎಂದು ಬರೆದುಕೊಂಡು ಹೋದವನಿಗೆ ಕೊನೆಗೆ ತಾಯಿ ಕಡೆಯಿಂದಲೇ ಆಸ್ತಿ ಬಂತು ನೋಡಿ! ಆಮೇಲೆ ತನ್ನನ್ನು ಮೊದಲು ಬುಕನನ್ ಆಗಿದ್ದ ಹ್ಯಾಮಿಲ್ಟನ್ ಎಂದು ಕರೆದುಕೊಳ್ಳುತ್ತಿದ್ದ. ಲೈಬ್ರರಿ ಕ್ಯಾಟಲಾಗುಗಳಲ್ಲಿ ಇವರಿಬ್ಬರೂ ಒಬ್ಬರೇ ಎಂಬುದು ನನಗೆ ಗೊತ್ತಾಗಲು ಎರಡು ದಿನ ಬೇಕಾಯಿತು.

1814ರಲ್ಲಿ ರಾಕ್ಸ್‌ಬರೋ ನಂತರ ಕಲ್ಕತ್ತೆ ಸಸ್ಯೋದ್ಯಾನದ ಮುಖ್ಯಸ್ಥನಾದ. ಎಡಿನ್‌ಬರೋದ ಹುಡುಗ ಕಂಡ ಕನಸು ಅದು. ಕೈಗೆ ಬಂದಾಗ ಆರೋಗ್ಯ ಇರಲಿಲ್ಲ, ಮರುವರ್ಷವೇ ಹೊರಟ. ಹೊರಡುವಾಗ ಇಪ್ಪತ್ತು ವರ್ಷದಿಂದ ಬರೆಸಿಟ್ಟ ಚಿತ್ರಗಳನ್ನು ಜೊತೆಗೆ ಒಯ್ಯುವ ಆಸೆ. ಆಗಿನ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಪ್ರಭು ಬಿಡಲಿಲ್ಲ. ಕಂಪನಿಯ ಸಂಬಳದಲ್ಲಿ ಮಾಡಿದ್ದು ಕಂಪನಿಯದ್ದು ಎಂದು ಕಲ್ಕತ್ತೆಯಲ್ಲೇ ಉಳಿಸಿಕೊಂಡರು. ಅದರ ನೋವು ಅವನಿಗೆ ಕೊನೆಯವರೆಗೂ ಇತ್ತು. ಮೀನಿನ ಪುಸ್ತಕವನ್ನು ಅವನು ಊರಿನಲ್ಲಿ ಕೂತು ಸಿದ್ಧಪಡಿಸಿದ್ದು ಆ ಮೂಲಚಿತ್ರಗಳೆಲ್ಲ ಕೈಯಲ್ಲಿ ಇಲ್ಲದೆ.

1829ರ ಜೂನ್ 15ರಂದು ಸ್ಕಾಟ್ಲೆಂಡಿನಲ್ಲಿ ತೀರಿಕೊಂಡ. ಮರುವರ್ಷ ಕೆನರಾದ ರೈತರು ತೀರ್ವೆ ಹೆಚ್ಚಾಯಿತು ಎಂದು ಕೂಟ ಕಟ್ಟಿಕೊಂಡು ಕಂಪನಿಗೆ ತೆರಿಗೆ ಕೊಡುವುದಿಲ್ಲ ಎಂದು ನಿಂತರು. 1837ರಲ್ಲಿ ಕಲ್ಯಾಣಸ್ವಾಮಿಯ ದಂಡು ಸುಳ್ಯದಿಂದ ಬಂಟ್ವಾಳದ ಮೇಲೆ ಹಾದು ಮಂಗಳೂರಿಗೆ ಇಳಿಯಿತು. ಅವು ಬೇರೆಯೇ ಕತೆಗಳು, ಮುಂದಿನ ಸಂಚಿಕೆಗೆ ಯಾರಾದರೂ ಬರೆಯಲಿ.

ಬಂಗಾಳ ಸರ್ವೆಯ ಅವನ ಹಸ್ತಪ್ರತಿ ಕಂಪನಿಯ ಕಪಾಟಿನಲ್ಲಿ ಹಾಗೆಯೇ ಬಿದ್ದಿತ್ತು. 1838ರಲ್ಲಿ ಮಾಂಟ್‌ಗೊಮೆರಿ ಮಾರ್ಟಿನ್ ಎಂಬವನು ಅದನ್ನು ಕತ್ತರಿಸಿ ಪೂರ್ವ ಭಾರತದ ಬಗ್ಗೆ ಮೂರು ಸಂಪುಟ ಮಾಡಿ ಅಚ್ಚು ಹಾಕಿಸಿದ. ಮುಖಪುಟದಲ್ಲಿ ಮಾರ್ಟಿನ್ನನ ಹೆಸರು ಇತ್ತು. ಬುಕನನ್ ಎಂದೂ ಇರಲಿಲ್ಲ, ಹ್ಯಾಮಿಲ್ಟನ್ ಎಂದೂ ಇರಲಿಲ್ಲ.